ತೀರ್ಮಾನದ ಪತ್ರಿಕೆಯಲ್ಲಿ ನಾನು ಸೇರಿಸಿದ ಒಂದು ಸಾಲು

ಜನ ಹೇಗೆ ತೀರ್ಮಾನ ಮಾಡುತ್ತಾರೆ, ಹೇಗೆ ಮಾಡಬೇಕು ಎಂದು ವಿಚಾರ ಮಾಡಲು ಒಂದು ಪತ್ರಿಕೆ ಹೊರಡಿಸಿದವಳು ನಾನು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆ ಪತ್ರಿಕೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದು ನೆನಪಾದರೆ ಈಗಲೂ ಮೈ ಉರಿಯುತ್ತದೆ. ಆ ಉರಿ ಬೇರೆಯವರ ಮೇಲಿನದು ಎಂದು ಬಹಳ ವರ್ಷ ನನ್ನನ್ನು ನಾನೇ ನಂಬಿಸಿಕೊಂಡಿದ್ದೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ತಿಪಟೂರಿನ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುತ್ತಿದ್ದೆ. ಅಧ್ಯಾಪಕರ ಕೊಠಡಿಯಲ್ಲಿ ನಾನೊಬ್ಬಳೇ ಹೆಂಗಸು. ಕಿಟಕಿ ಪಕ್ಕದ ಕುರ್ಚಿ ನನ್ನದು, ಅದರ ಒಂದು ಕಾಲು ಕುಂಟು. ಒಂದು ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ತರಬೇತಿ ಇದೆ, ಹೋಗಿ ಬನ್ನಿ ಎಂದು ಕಳಿಸಿದರು. ನಿರ್ಧಾರ ವಿಧಾನಗಳ ಮೇಲೆ ಮೂರು ವಾರದ ಪಾಠ. ಎದುರಿಗೆ ನಾಲ್ಕು ದಾರಿಗಳಿದ್ದರೆ ಪ್ರತಿಯೊಂದಕ್ಕೂ ಅಂಕ ಕೊಟ್ಟು, ಯಾವ ಅಂಶಕ್ಕೆ ಎಷ್ಟು ತೂಕ ಎಂದು ಬರೆದು, ಗುಣಿಸಿ ಕೂಡಿಸಿ ಒಂದನ್ನು ಆರಿಸುವ ಶಾಸ್ತ್ರ. ನನಗೆ ಹುಚ್ಚು ಹಿಡಿದಂತಾಯಿತು. ಆದರೆ ಅಲ್ಲಿ ಕೊಟ್ಟ ಉದಾಹರಣೆಗಳೆಲ್ಲ ಕಾರ್ಖಾನೆಯವು, ಹಡಗಿನವು, ದಂಡಿನ ಲಾರಿಗಳವು. ಅಲ್ರೀ, ನಮ್ಮ ಕಡೆಯ ತೋಟದವರು ತೀರ್ಮಾನವನ್ನೇ ಮಾಡುವುದಿಲ್ಲವೇ ಎಂದು ಕೇಳಿದೆ. ಪಾಠ ಹೇಳುತ್ತಿದ್ದವರು ನಕ್ಕು, ನೀವೇ ಬರೆಯಿರಿ ಎಂದರು. ಅದನ್ನು ನಾನು ಸವಾಲೆಂದು ತೆಗೆದುಕೊಂಡೆ.

ಊರಿಗೆ ಬಂದು ಈ ಮಾತನ್ನು ಮೊದಲು ಹೇಳಿದ್ದು ಅರ್ಥಶಾಸ್ತ್ರದ ಮೇಷ್ಟ್ರಿಗೆ. ಬಿಳಿಗೆರೆಯ ತೋಟದ ಮನೆಯವರು, ನನಗಿಂತ ನಾಲ್ಕೈದು ವರ್ಷ ಚಿಕ್ಕವರು. ಕಾಲೇಜಿಗೆ ಸೇರಿ ಏಳನೇ ವರ್ಷ ನಡೆಯುತ್ತಿದ್ದರೂ ಇನ್ನೂ ತಾತ್ಕಾಲಿಕ. ಪ್ರತಿ ಜೂನ್‌ನಲ್ಲೂ ಹೊಸ ಅರ್ಜಿ, ಮಾರ್ಚ್‌ಗೆ ಮನೆಗೆ. ಕಾಯಂ ಮಾಡಬೇಕಾದರೆ ಅಚ್ಚಾದ ಒಂದು ಲೇಖನವಾದರೂ ಇರಬೇಕು ಎಂದು ಆಡಳಿತ ಮಂಡಳಿ ಹೊಸದಾಗಿ ಹೇಳಿತ್ತು. ಹಾಗೆಂದು ಅವರು ಲೇಖನದ ಆಸೆಗೆ ನನ್ನ ಜೊತೆ ಸೇರಿದರು ಎಂದರೆ ನನ್ನ ನಾಲಗೆ ಬಿದ್ದುಹೋದೀತು. ಅವರಿಗೆ ನಿಜವಾಗಿಯೂ ಇದರ ರುಚಿ ಹತ್ತಿತ್ತು.

"ಕನ್ನಡದಲ್ಲೇ ಮಾಡಣ ಮೇಡಂ," ಎಂದರು ಅವರು. "ಇಂಗ್ಲಿಷಿನಾಗೆ ಬರೆದ್ರೆ ನಮ್ಮೂರೋರಿಗೆ ಏನ್ ತಿಳೀತದೆ? ಅವ್ರ ವಿಷ್ಯ ಅವ್ರೇ ಓದ್ಬೇಕು."

ಮೂರು ತಿಂಗಳಿಗೊಂದು ಸಂಚಿಕೆ ಎಂದಾಯಿತು. ಲೇಖನಗಳ ಆಯ್ಕೆಗೆ ಐದು ಜನರ ಸಮಿತಿ. ಆಯ್ಕೆಯ ರೀತಿ ಮೇಷ್ಟ್ರದೇ: ಲೇಖಕರ ಹೆಸರು ಮುಚ್ಚಿ ಪ್ರತಿ ಕೊಡುವುದು, ಪ್ರತಿಯೊಬ್ಬರೂ ಅಂಕ ಬರೆದ ಚೀಟಿಯನ್ನು ಮಡಿಚಿ ಡಬ್ಬಿಗೆ ಹಾಕುವುದು, ಎಲ್ಲರೂ ಹಾಕಿದ ಮೇಲಷ್ಟೇ ತೆಗೆಯುವುದು. ಕೊಬ್ಬರಿ ಮಾರುಕಟ್ಟೆಯಲ್ಲಿ ವರ್ತಕರು ಬೆಲೆ ಬರೆದು ಹಾಕುತ್ತಿದ್ದದ್ದೂ ಹೀಗೆಯೇ. ಒಳಪುಟದಲ್ಲಿ ಅಚ್ಚು ಹಾಕಲು ನಿಯಮಗಳನ್ನು ಬರೆದವಳು ನಾನು. ಲೇಖಕರ ಒಪ್ಪಿಗೆಯಿಲ್ಲದೆ ಒಂದು ಸಾಲನ್ನೂ ತೆಗೆಯುವುದಿಲ್ಲ, ಸೇರಿಸುವುದಿಲ್ಲ ಎಂಬುದು ನಾಲ್ಕನೆಯ ನಿಯಮ. ಅದನ್ನು ಬರೆದ ದಿನ ಎಷ್ಟು ಹಿಗ್ಗಿದ್ದೆ ಅಂತೀರಿ! ಮನೆಯಲ್ಲಿ ಯಜಮಾನರಿಗೆ ಓದಿ ತೋರಿಸಿದೆ. "ನಿಂಗ್ಯಾಕೆ ಬೇಕಿತ್ತು ಇಲ್ಲದ ಉಸಾಬರಿ," ಎಂದು ಅವರು ಮಗ್ಗುಲಾದರು.

ಮೇಷ್ಟ್ರು ತಮ್ಮ ಲೇಖನಕ್ಕೆ ಆರಿಸಿಕೊಂಡದ್ದು ಅಟ್ಟದ ಕಾಯಿಯ ವಿಷಯ. ನಮ್ಮ ಕಡೆ ತೆಂಗಿನಕಾಯಿ ಕೆಡವಿದ ಕೂಡಲೇ ಎಲ್ಲವನ್ನೂ ಮಾರುವುದಿಲ್ಲ. ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ಒಳಗಿನ ನೀರೆಲ್ಲ ಇಂಗಿ ಉಂಡೆ ಕೊಬ್ಬರಿ ಆಗುತ್ತದೆ. ಅದಕ್ಕೆ ಒಳ್ಳೆಯ ಬೆಲೆ. ನಡುವೆಯೇ ಅಟ್ಟ ಇಳಿಸಿದರೆ ಅರೆಬರೆ ಒಣಗಿದ ಕಾಯಿ, ಕೇಳುವವರಿಲ್ಲ. ಹಾಗಿದ್ದರೂ ಎಷ್ಟೋ ಮನೆಗಳು ನಡುವೆಯೇ ಇಳಿಸುತ್ತವೆ, ಅದೂ ಪೇಟೆಯಲ್ಲಿ ಉಳಿದವರಿಗೆ ಸಿಗುವುದಕ್ಕಿಂತ ಕಡಿಮೆ ಬೆಲೆಗೆ. ಯಾಕೆ? ಇದು ಅವರ ಪ್ರಶ್ನೆ. ಒಂದು ವರ್ಷ ಬಿಳಿಗೆರೆಯ ಮನೆಮನೆ ತಿರುಗಿದರು. ಹೆಂಗಸರು ಗಂಡಸರ ಎದುರು ಬಾಯಿ ಬಿಡುವುದಿಲ್ಲವೆಂದು ಭಾನುವಾರಗಳಲ್ಲಿ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು.

ಊಟ ಅವರ ಮನೆಯಲ್ಲೇ. ಅವರ ತಾಯಿ ನನ್ನನ್ನು ಮಗಳಂತೆ ನೋಡಿದರು. ಮುದ್ದೆ ನುಂಗಲು ನಾನು ತಡಬಡಾಯಿಸಿದರೆ, ನನ್ನ ತವರೂರನ್ನು ಎತ್ತಿ, "ದಬ್ಬೇಘಟ್ಟದ ಹೆಣ್ಣಂತೆ, ಮುದ್ದೆ ಉಣ್ಣಕ್ ಬರಕಿಲ್ವಂತೆ!" ಎಂದು ರೇಗಿಸುತ್ತಿದ್ದರು. ಓದು ಬರಹ ಇಲ್ಲ. ಆದರೆ ಅಟ್ಟ ಹತ್ತಿ ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, "ಇದಕ್ಕಿನ್ನೂ ಎಲ್ಡು ತಿಂಗಳು ಬೇಕು" ಎಂದರೆ ಅದು ಅಷ್ಟೇ.

ಲೇಖನದ ಜೀವ ಸಿಕ್ಕಿದ್ದು ಆ ತಾಯಿಯ ಬಾಯಿಂದ. ಆ ಸೀಮೆಯಲ್ಲಿ ಮನೆಯಲ್ಲೊಂದು ಮದುವೆ ಗೊತ್ತಾದರೆ, ಅರಿಶಿನ ಹಚ್ಚಿದ ಮೊದಲ ಲಗ್ನಪತ್ರಿಕೆ ದೇವರ ಮುಂದಕ್ಕೆ ಹೋಗುತ್ತದೆ. ಎರಡನೆಯದು ಮನೆಯ ಕಾಯಿ ಕೊಳ್ಳುವ ಮಂಡಿ ಸಾಹುಕಾರರಿಗೆ, ಎಲೆ ಅಡಿಕೆ ಸಮೇತ. ಸೋದರಮಾವನಿಗೂ ಆಮೇಲೆ. ಅದು ಮರ್ಯಾದೆ. ಸಾಹುಕಾರರು ಪತ್ರಿಕೆಯನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳುತ್ತಾರೆ, ತಾರೀಕು ನೋಡುತ್ತಾರೆ. ಈ ಮನೆಯವರು ಇಷ್ಟರೊಳಗೆ ಅಟ್ಟ ಇಳಿಸಲೇಬೇಕು ಎಂದು ಅವತ್ತೇ ಅವರಿಗೆ ಗೊತ್ತಾಯಿತು. ಆಮೇಲೆ ಆ ಮನೆಗೆ ಹೇಳುವ ಬೆಲೆಯೇ ಬೇರೆ. ಮೇಷ್ಟ್ರು ಮನೆಗಳ ಪಟ್ಟಿ ಹಾಕಿ ನೋಡಿದರು. ಕಡಿಮೆ ಬೆಲೆಗೆ ಮಾರಿದವರಲ್ಲಿ ಹೆಚ್ಚಿನವರು ಆ ವರ್ಷ ಲಗ್ನಪತ್ರಿಕೆ ಕೊಟ್ಟುಬಂದವರೇ.

"ಇದು ನಿಮಗೆ ಗೊತ್ತಿರಲಿಲ್ವೇನಮ್ಮ?" ಎಂದು ನಾನು ಆ ತಾಯಿಯನ್ನು ಕೇಳಿದೆ.

"ಗೊತ್ತಿಲ್ದೆ ಏನವ್ವಾ," ಎಂದರು. "ನಮ್ಗೇನು ಬುದ್ಧಿ ಇಲ್ವಾ? ಪತ್ರಿಕೆ ಕೊಟ್ರೆ ಬೆಲೆ ಬೀಳ್ತದೆ ಅಂತ ನಮ್ ಅತ್ತೆ ಕಾಲದಿಂದ್ಲೂ ಗೊತ್ತು. ಆದ್ರೂ ಮೂರು ತಲೆಯಿಂದ ನಮ್ ಕಾಯಿ ತಗಳ್ಳೋರು, ಅವ್ರನ್ನ ಬುಟ್ಟು ಮಗಳ ಮದ್ವೆ ಮಾಡಕ್ಕಾಯ್ತದಾ? ಕಾಯಿ ಮುಂದಿನ್ ವರ್ಷನೂ ಬಿಡ್ತದೆ. ಮರ್ಯಾದೆ ಬಿಡ್ತದಾ?"

ಮೇಷ್ಟ್ರು ಈ ಮಾತನ್ನು ಒಂದಕ್ಷರ ಬದಲಿಸದೆ ಲೇಖನದಲ್ಲಿ ಹಾಕಿದರು. ಅದರ ಸುತ್ತ ಎರಡು ಪುಟ ಬರೆದರು. ತೋಟದವರಿಗೆ ತೀರ್ಮಾನ ಮಾಡಲು ಬರುವುದಿಲ್ಲ ಎನ್ನುವುದು ಸುಳ್ಳು. ಅವರ ತೂಕದ ಪಟ್ಟಿಯಲ್ಲಿ ಮರ್ಯಾದೆಗೆ ಹೆಚ್ಚು ತೂಕ, ಆ ಮರ್ಯಾದೆಯನ್ನು ಪಡೆದವರೇ ಅದನ್ನು ಬೆಲೆ ಇಳಿಸಲು ಬಳಸುತ್ತಾರೆ ಎಂಬುದು ಅವರ ವಾದ. ನಾನು ಆವರೆಗೆ ಓದಿದ್ದ ಯಾವ ಶಾಸ್ತ್ರದ ಪುಸ್ತಕದಲ್ಲೂ ಇಂಥದ್ದು ಇರಲಿಲ್ಲ. ಸಮಿತಿಯ ಡಬ್ಬಿ ತೆಗೆದಾಗ ಐದು ಚೀಟಿಗಳಲ್ಲೂ ಅದಕ್ಕೇ ಮೊದಲ ಸ್ಥಾನ. ಮೇಷ್ಟ್ರು ಬಿಳಿಗೆರೆಗೆ ಹೋಗಿ ತಾಯಿಗೆ ಹೇಳಿದರಂತೆ, ನೀನು ಹೇಳಿದ್ದು ಅಚ್ಚಾಗ್ತದೆ ಕಣವ್ವ, ಬಂದು ಕೇಳು ಎಂದು.

ಈಗ ನನ್ನ ಘನಕಾರ್ಯಕ್ಕೆ ಬರುತ್ತೇನೆ. ಪತ್ರಿಕೆಯ ಕಾಗದಕ್ಕೂ ಅಚ್ಚಿಗೂ ಒಪ್ಪಿಗೆ ಕೊಟ್ಟವರು ಆಡಳಿತ ಮಂಡಳಿಯ ಅಧ್ಯಕ್ಷರು. ಊರಿನ ದೊಡ್ಡ ಕೊಬ್ಬರಿ ಮಂಡಿಯೊಂದರ ಯಜಮಾನರೂ ಅವರೇ. ಬಿಡುಗಡೆಯ ಆಮಂತ್ರಣ ಅಚ್ಚಾಗಿ ಬಂದಿತು. ಅದರ ಮೂಲೆಗಳಿಗೆ ಅರಿಶಿನ ಹಚ್ಚಿದೆ. ಸೀದಾ ಅಧ್ಯಕ್ಷರ ಮನೆಗೆ ಹೋದೆ. ಬರೀ ಆಮಂತ್ರಣ ಕೊಟ್ಟು ಬಂದಿದ್ದರೆ ಆಗಿತ್ತು. ದೊಡ್ಡವರು ಮೊದಲು ನೋಡಲಿ ಎಂದು ಅಚ್ಚಿನ ಕರಡನ್ನೂ ಕೈಗೆ ಇಟ್ಟುಬಂದೆ! ಯಾರೂ ಕೇಳಿರಲಿಲ್ಲ. ಲಗ್ನಪತ್ರಿಕೆ ಒಯ್ದು ಕೊಡುವವರ ಬಗ್ಗೆ ಬರೆದ ಲೇಖನವನ್ನು, ಅದೇ ಮರ್ಯಾದೆಯಿಂದ, ಅಂಥದೇ ಮನೆಯ ಬಾಗಿಲಿಗೆ ಒಯ್ದು ಕೊಟ್ಟೆ. ಬಿಳಿಗೆರೆಯವರಿಗಾದರೂ ತಾವು ಏನು ಕಳೆದುಕೊಳ್ಳುತ್ತೇವೆ ಎಂದು ಗೊತ್ತಿತ್ತು. ಎಂ.ಎಸ್ಸಿ. ಓದಿದ ನನಗೆ ಅದೂ ತೋಚಲಿಲ್ಲ.

ಎರಡು ದಿನ ಬಿಟ್ಟು ಹೇಳಿಕಳಿಸಿದರು. ಹೋದೆ. ಕಾಫಿ ಬಂತು, ಚಕ್ಕುಲಿ ಬಂತು. ಅವರ ಮಾತಿನಲ್ಲಿ ಒಂದಿಷ್ಟೂ ಬಿಸಿ ಇರಲಿಲ್ಲ.

"ಕೂತ್ಕಳಿ ಮೇಡಂ. ನಮ್ ಮೇಷ್ಟ್ರು ಬಾಳ ಚೆನ್ನಾಗಿ ಬರ್ದವ್ರೆ ಕಣ್ರೀ. ಆ ಒಂದೆಲ್ಡು ಪುಟ ಮಾತ್ರ ವಸಿ ಖಾರ ಆಯ್ತು."

"ಸಮಿತಿ ಒಪ್ಪಿದೆ ಸಾರ್," ಎಂದೆ.

"ಒಪ್ಲಿ. ನಾನೇನು ಬ್ಯಾಡ ಅಂದ್ನಾ? ಅವ್ರನ್ನ ಕಾಯಂ ಮಾಡೋ ವಿಷ್ಯ ಮುಂದಿನ್ ಮೀಟಿಂಗ್‌ಗೆ ಬತ್ತದೆ. ಮಂಡಳೀಲಿ ಮಂಡಿಯೋರು ನಾಲ್ಕು ಜನ ಕೂತವ್ರೆ. ಓದಿದ್ರೆ ಏನಂತಾರೆ ಅಂತ ನಿಮ್ಗೇ ಗೊತ್ತು. ಗಣಿತದ ಮುಖ್ಯಸ್ಥರೂ ಮುಂದಿನ್ ವರ್ಷ ನಿವೃತ್ತಿ ಆಯ್ತಾರೆ, ಅದೂ ಬತ್ತದೆ. ನೀವೇ ತೀರ್ಮಾನ ಮಾಡಿ. ತೀರ್ಮಾನ ಮಾಡೋ ಶಾಸ್ತ್ರ ನಿಮ್ಮದೇ ಅಲ್ವಾ?"

ನನ್ನ ಸಂಖ್ಯಾಶಾಸ್ತ್ರವೂ ಗಣಿತ ವಿಭಾಗಕ್ಕೇ ಸೇರಿತ್ತು, ಮುಖ್ಯಸ್ಥರ ಕುರ್ಚಿಗೆ ಸಾಲಿನಲ್ಲಿ ನಾನೇ ಮುಂದೆ ಇದ್ದೆ. ಅವರು ನನ್ನನ್ನು ಹೆದರಿಸಲಿಲ್ಲ. ಅಲ್ಲಿಂದ ಮನೆಗೆ ನಡೆದು ಬರುವಷ್ಟರಲ್ಲಿ, ಮೇಷ್ಟ್ರ ಕೆಲಸ ಉಳಿಸಬೇಕು ಎಂದು ನನಗೆ ನಾನೇ ಹೇಳಿಕೊಂಡು ಮುಗಿಸಿದ್ದೆ. ಅವರ ಕೆಲಸ ನಿಜವಾಗಿಯೂ ತೂಗುತ್ತಿತ್ತು, ಸುಳ್ಳಲ್ಲ. ಆದರೆ ನನ್ನ ಕುರ್ಚಿಯ ಮಾತನ್ನು ಮನಸ್ಸಿನ ಆ ತೂಕದ ಪಟ್ಟಿಯಲ್ಲಿ ಬರೆಯಲೇ ಇಲ್ಲ. ಥೂ, ಯಾವ ಮುಖ ಇಟ್ಟುಕೊಂಡು ಅದೇ ವಾರ ಮಕ್ಕಳಿಗೆ ಪಾಠ ಮಾಡಿದೆನೋ.

ಮೇಷ್ಟ್ರನ್ನು ಒಂದು ಮಾತು ಕೇಳಬಹುದಿತ್ತು. ಐದು ದಿನ ಎದುರಿಗೇ ಕೂತು ಟೀ ಕುಡಿದರು. "ಕರಡು ಬಂತಾ ಮೇಡಂ?" ಎಂದು ದಿನಾ ಕೇಳಿದರು. ಪ್ರೆಸ್ಸಿನಲ್ಲೇ ಇದೆ ಎಂದು ದಿನಾ ಹೇಳಿದೆ. ಕೇಳಿದರೆ ಬೇಡ ಅನ್ನುತ್ತಾರೆ ಎಂದು ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ. ಆರನೆಯ ದಿನ ಪ್ರೆಸ್ಸಿಗೆ ಹೋಗಿ ಆ ಎರಡು ಪುಟ ತೆಗೆಯಿರಿ ಎಂದೆ. ಅಚ್ಚಿನ ಮೊಳೆ ಜೋಡಿಸುವವರು ಗೊಣಗಿದರು. "ಮಧ್ಯ ಕಿತ್ರೆ ಹೆಂಗಮ್ಮಾ? ಹಿಂದಿಂದೂ ಮುಂದಿಂದೂ ಕೂಡಕಿಲ್ಲ." ಅವರು ಹೇಳಿದ್ದು ಸರಿಯಾಗಿತ್ತು. ಮದುವೆಯ ಮನೆಯವರು ಕಡಿಮೆ ಬೆಲೆಗೆ ಮಾರಿದರು ಎಂಬ ಪಟ್ಟಿ ಉಳಿದಿತ್ತು, ಯಾಕೆ ಎಂಬುದು ಹೋಗಿತ್ತು. ಕೂಡಿಸಲು ಒಂದು ಸಾಲು ಬೇಕಾಯಿತು. ಅಲ್ಲೇ ನಿಂತುಕೊಂಡು, ಕರಡಿನ ಹಿಂಬದಿಯಲ್ಲಿ ಬರೆದುಕೊಟ್ಟೆ: ಲೆಕ್ಕ ಹಾಕಿ ನಿರ್ಧರಿಸುವ ತಿಳಿವಳಿಕೆ ಬೆಳೆಗಾರರಲ್ಲಿ ಇಲ್ಲದಿರುವುದೇ ಇದಕ್ಕೆ ಮುಖ್ಯ ಕಾರಣ.

ಅಂಥ ಸಾಲು ಬರೆಯುವುದು ನಮ್ಮಂಥ ಓದಿದವರಿಗೆ ಬಹಳ ಸುಲಭ. ಹಾಗೆ ತೆರವಾದ ಎರಡು ಪುಟದ ಬದಲಿಗೆ ಮುಂಭಾಗದಲ್ಲಿ ಅಧ್ಯಕ್ಷರ ಭಾವಚಿತ್ರ ಮತ್ತು ಸಂದೇಶ ಹಾಕಿದರು. ನಾಲ್ಕನೆಯ ನಿಯಮ ಅದರ ಹಿಂದಿನ ಪುಟದಲ್ಲಿ ಹಾಗೆಯೇ ಇತ್ತು.

ಬಿಡುಗಡೆಯ ದಿನ ಕಾಲೇಜಿನ ಸಭಾಂಗಣದಲ್ಲಿ ಜನ ತುಂಬಿದ್ದರು. ಬಿಳಿಗೆರೆಯಿಂದ ಎಂಟು ಹತ್ತು ಜನ ಬೆಳಗಿನ ಬಸ್ಸಿಗೇ ಬಂದಿದ್ದರು. ಮೇಷ್ಟ್ರ ತಾಯಿ ಒಗೆದು ಮಡಿಚಿಟ್ಟ ಸೀರೆ ಉಟ್ಟು ಮೊದಲನೇ ಸಾಲಿನಲ್ಲಿ ಕೂತಿದ್ದರು. ನನ್ನನ್ನು ನೋಡಿ ಕೈ ಎತ್ತಿದರು. ಅಧ್ಯಕ್ಷರು ಪತ್ರಿಕೆಗಳ ಕಟ್ಟಿನ ಟೇಪು ಬಿಚ್ಚಿ, ಎಲ್ಲರಿಗೂ ತೋರಿಸಿ, ಮೊದಲ ಪ್ರತಿಯನ್ನು ಮೇಷ್ಟ್ರ ಕೈಗೇ ಕೊಟ್ಟರು. ಚಪ್ಪಾಳೆ ಬಿತ್ತು. ಮೊದಲ ಲೇಖನವನ್ನು ಲೇಖಕರೇ ಓದುತ್ತಾರೆ ಎಂದು ನಾವೇ ಕಾರ್ಯಕ್ರಮದಲ್ಲಿ ಹಾಕಿದ್ದೆವು.

ಓದಲು ಶುರು ಮಾಡಿದರು. ಒಳ್ಳೆಯ ಧ್ವನಿ ಅವರದು. ಅಟ್ಟದ ವಿಷಯ ಬಂದಾಗ ಬಿಳಿಗೆರೆಯವರು ತಲೆದೂಗಿದರು. ಪಟ್ಟಿ ಓದಿದರು. ಆಮೇಲೆ ನಿಂತರು. ಪುಟ ತಿರುವಿದರು, ಮತ್ತೆ ಹಿಂದಕ್ಕೆ ತಿರುವಿದರು. ಎರಡು ಪುಟ ಅಂಟಿಕೊಂಡಿರಬಹುದೆಂದು ಹೆಬ್ಬೆರಳಿನಿಂದ ಉಜ್ಜಿ ನೋಡಿದರು. ತಲೆ ಎತ್ತಿ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಅಷ್ಟರಲ್ಲೇ ಅವರಿಗೆ ಗೊತ್ತಾಗಿಹೋಯಿತು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಇದು ನಾನು ಬರೆದದ್ದಲ್ಲ ಎಂದು ಕೂಗಬಹುದಿತ್ತು, ಪತ್ರಿಕೆಯನ್ನು ನನ್ನ ಮುಖಕ್ಕೆ ಎಸೆಯಬಹುದಿತ್ತು. ಅದಾವುದನ್ನೂ ಮಾಡದೆ ಅವರು ನನ್ನ ಸಾಲನ್ನು ಓದಿದರು. ಬೆಳೆಗಾರರಲ್ಲಿ ತಿಳಿವಳಿಕೆ ಇಲ್ಲ ಎಂದು, ತಮ್ಮ ತಾಯಿಯ ಎದುರು, ತಮ್ಮ ಊರಿನವರ ಎದುರು, ಒಂದೊಂದೇ ಪದವಾಗಿ ಓದಿದರು. ವೇದಿಕೆಯ ಮೇಲೆ ನಾನು ಸಂಪಾದಕಿಯ ಹಾರ ಹಾಕಿಕೊಂಡು ಕೂತಿದ್ದೆ. ನನ್ನ ಮಾನ ಹೋಗದಿರಲಿ ಎಂದು ಓದಿದರು. ಇದಕ್ಕೆ ಬೇರೆ ಕಾರಣ ಇಷ್ಟು ವರ್ಷದಲ್ಲಿ ನನಗೆ ಹೊಳೆದಿಲ್ಲ. ಮೂರನೇ ಸಾಲಿನಲ್ಲಿ ಕೂತಿದ್ದ ಅವರ ಚಿಕ್ಕಪ್ಪ ಎದ್ದು ಹೆಗಲ ಮೇಲಿನ ಟವೆಲ್ ಕೊಡವಿ, "ನಮ್ಮನ್ನ ದಡ್ರು ಅನ್ನಕ್ಕಾ ಕರ್ಸಿದ್ದು?" ಎಂದು ಗಟ್ಟಿಯಾಗಿಯೇ ಕೇಳಿ ಹೊರಗೆ ಹೋದರು. ಅವರ ಹಿಂದೆ ಉಳಿದವರೂ ಹೋದರು. ತಾಯಿ ಮಾತ್ರ ಕೂತಿದ್ದರು.

ಕಾರ್ಯಕ್ರಮ ಮುಗಿದ ಮೇಲೆ ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿದ್ದ ನನ್ನ ಹತ್ತಿರ ಆ ತಾಯಿ ಬಂದರು. ಎರಡು ಹೆಜ್ಜೆ ಆಚೆ ಅಧ್ಯಕ್ಷರು ಪ್ರಿನ್ಸಿಪಾಲರ ಜೊತೆ ನಗುತ್ತಿದ್ದರು.

"ನಾನೇಳಿದ್ದು ಬರ್ಲೇ ಇಲ್ವಲ್ಲವ್ವಾ," ಎಂದರು ಮೆಲ್ಲಗೆ. "ನಾನೇನಾದ್ರೂ ತಪ್ಪೇಳಿದ್ನಾ?"

ಒಂದು ಮಾತು ಸಾಕಿತ್ತು. ಅದನ್ನು ಕಿತ್ತವಳು ನಾನು, ನಿಮ್ಮ ಮಗ ಅಲ್ಲ ಎಂದಿದ್ದರೆ ಮುಗಿಯುತ್ತಿತ್ತು. ನಾನು ಹೇಳಿದ್ದು ಇದು: "ಪುಟ ಸಾಲಲಿಲ್ಲ ಕಣಮ್ಮ. ಮುಂದಿನ ಸಂಚಿಕೆಯಲ್ಲಿ ಬರುತ್ತೆ. ನಾನೇ ನಿಮ್ಮ ಮನೆಗೆ ಬಂದು ಓದಿ ಹೇಳ್ತೀನಿ."

"ಹಂಗಾ? ಬಾವ್ವ, ಬಾ," ಎಂದು ನನ್ನ ಕೈ ಹಿಡಿದು ಅದುಮಿದರು.

ಮುಂದಿನ ಸಂಚಿಕೆಯಲ್ಲಿ ಬರಲಿಲ್ಲ. ಅಧ್ಯಕ್ಷರ ಅಳಿಯ ಬರೆದ ಲೇಖನ ಬಂತು, ಹೆಸರು ಮುಚ್ಚದೆ, ಡಬ್ಬಿಗೆ ಚೀಟಿ ಹಾಕದೆ. ಮೂರನೆಯ ಸಂಚಿಕೆಯೇ ಬರಲಿಲ್ಲ. ಉಳಿದ ಪ್ರತಿಗಳು ಕ್ರೀಡಾ ಕೊಠಡಿಯಲ್ಲಿ ಹರಿದ ವಾಲಿಬಾಲ್ ನೆಟ್ಟಿನ ಪಕ್ಕ ಗೆದ್ದಲು ಹಿಡಿದವು. ಮೇಷ್ಟ್ರು ಕಾಯಂ ಆದರು. ನಾನು ಮುಖ್ಯಸ್ಥೆಯಾದೆ. ಒಂದೇ ಕಾರಿಡಾರಿನಲ್ಲಿ ಎಂಟು ವರ್ಷ ಎದುರುಬದುರು ಓಡಾಡಿದೆವು. "ನಮಸ್ಕಾರ ಮೇಡಂ," ಎನ್ನುತ್ತಿದ್ದರು. ಅದಕ್ಕಿಂತ ಹೆಚ್ಚು ಒಂದು ಮಾತಿಲ್ಲ, ಕಡಿಮೆಯೂ ಇಲ್ಲ. ಮತ್ತೆ ಒಂದು ಸಾಲನ್ನೂ ಅವರು ಬರೆಯಲಿಲ್ಲ. ಊರಿನಲ್ಲಿ ಜನ ಅವರನ್ನು ಪಂಚಾಯಿತಿಗೆ ಕರೆಯುವುದನ್ನು ಬಿಟ್ಟರು ಎಂದು ಬೇರೆಯವರಿಂದ ಕೇಳಿದೆ. ಬಿಳಿಗೆರೆಗೆ ಹೋಗಬೇಕು ಎಂದು ಎಷ್ಟೋ ಸಲ ಅಂದುಕೊಂಡೆ. ಪರೀಕ್ಷೆ, ಮಕ್ಕಳು, ಮನೆಗೆ ನೆಂಟರು. ನೆಪಕ್ಕೇನು ಬರವೇ!

ಅವರ ತಾಯಿ ತೀರಿಕೊಂಡ ಸುದ್ದಿ ಬಂದಾಗ ಹೋದೆ. ತಿಥಿಯ ಊಟ ಮುಗಿದಿತ್ತು. ಮೇಷ್ಟ್ರು ತಲೆ ಬೋಳಿಸಿಕೊಂಡು ಜಗಲಿಯ ಮೇಲೆ ಒಬ್ಬರೇ ಕೂತಿದ್ದರು. ಪಕ್ಕದಲ್ಲಿ ಕೂತೆ. ಎಂಟು ವರ್ಷ ಬಾಯಿಗೆ ಬಾರದ್ದು ಆಗ ಬಂತು.

"ಮೇಷ್ಟ್ರೇ, ಆ ಸಾಲು ನಾನು ಬರೆದದ್ದು ಅಂತ ತಾಯಿಗೆ ನೀವಾದರೂ ಹೇಳಬಾರದಿತ್ತೇ? ಯಾಕೆ ಹೇಳಲಿಲ್ಲ?"

ಅವರು ನನ್ನ ಕಡೆ ತಿರುಗಿದರು. ಮುಖದಲ್ಲಿ ಸಿಟ್ಟೂ ಇರಲಿಲ್ಲ.

"ಹೇಳ್ದೆ ಮೇಡಂ. ಅವತ್ತೇ, ಬಸ್ಸಿನಾಗೇ ಹೇಳ್ದೆ. ಅವ್ವ ನಂಬ್ಲಿಲ್ಲ. 'ನಿನ್ ತಪ್ಪ ಆ ಹೆಣ್ಮಗಳ ಮ್ಯಾಲೆ ಹಾಕ್ಬ್ಯಾಡ ಕಣ್ಲಾ. ಮನೆಗೆ ಬಂದು ಓದಿ ಹೇಳ್ತೀನಿ ಅಂದವ್ಳೆ, ಬತ್ತಾಳೆ' ಅಂದ್ಲು. ಸಾಯೋವರ್ಗೂ ಅದನ್ನೇ ಅಂದ್ಲು."